ಲಂಬಗೋಲ ಫೋಟೋ ಇಳಿಸಬ್ಯಾಡ್ರಿ

ಹೋದ ತಿಂಗಳ ಕಡೇ ಐತವಾರ ನಮ್ಮ ವಾಚನಾಲಯದ ಸಭೆ ನಡೆಯಿತು. ಮೂರನೆಯ ವಿಷಯವಾಗಿ ಒಂದು ಠರಾವು ಬಂತು. ಗೋಡೆಯ ಮೇಲಿನ ಒಂಬತ್ತು ಹಳೆಯ ಫೋಟೋಗಳನ್ನು ಇಳಿಸುವುದು. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಹಿಂದೆ ಬಣ್ಣ ತುಂಬಿಸಿ, ಒಂದೇ ಅಳತೆಯ ಚೌಕ ಫ್ರೇಮಿನಲ್ಲಿ ಹೊಸದಾಗಿ ತೂಗುಹಾಕುವುದು. ಹಳೆಯವನ್ನು ಕಪಾಟಿನ ಮೇಲೆ ಜೋಪಾನವಾಗಿ ಇಡುವುದು. ಕಪಾಟಿನ ಮೇಲೆ ಜೋಪಾನವಾಗಿ ಇಟ್ಟದ್ದರ ಗತಿ ನಮಗೆಲ್ಲ ಗೊತ್ತು. ಭಜನಾ ಮಂಡಳಿಯ ಒಡೆದ ಹಾರ್ಮೋನಿಯಂ ಅಲ್ಲೇ ಇದೆ, ಅದರ ಹೊಟ್ಟೆಯೊಳಗೆ ಇಲಿ ಸಂಸಾರ ಮಾಡಿಕೊಂಡಿವೆ.

ಠರಾವಿಗೆ ಹದಿನಾಲ್ಕು ಕೈ ಎದ್ದವು. ವಿರೋಧಕ್ಕೆ ಒಂದೇ ಕೈ, ಅದು ನನ್ನದು. ಕಾರಣ ಹೇಳಲು ಎದ್ದು ನಿಂತರೆ ಅಧ್ಯಕ್ಷರು, "ಮಾಸ್ತರ್, ನಿಮ್ಮ ಚಿತ್ರಕಲಾ ತಾಸು ಸುರು ಆದ್ರ ಮುಗಿಯಂಗಿಲ್ಲ, ಊಟದ ಹೊತ್ತಾತು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ನಿಲ್ಲಲಿಲ್ಲ, ಹೊಟ್ಟೆಯೊಳಗೇ ಹುಳಿಯಾಯಿತು. ಈ ವರ್ಷದ ಪ್ರಬಂಧ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಎಂದು ಅದೇ ಅಧ್ಯಕ್ಷರು ಕೇಳಿದ್ದಾರೆ. ಇಗೋ, ಬರೆದು ಕೊಡುತ್ತಿದ್ದೇನೆ. ಊಟದ ಹೊತ್ತು ಆದವರು ಊಟ ಮಾಡಿ ಬಂದು ಓದಬಹುದು.

ಆ ಒಂಬತ್ತು ಫೋಟೋಗಳಲ್ಲಿ ಎಂಟು ಲಂಬಗೋಲ. ಕನ್ನಡ ಪುಸ್ತಕದಲ್ಲಿ ಅಂಡಾಕಾರ ಅನ್ನುತ್ತಾರೆ, ನಮ್ಮ ಅಕ್ಕಲಕೋಟ ಕಡೆ ಮರಾಠಿಯಿಂದ ಬಂದ ಲಂಬಗೋಲವೇ ಬಾಯಿಗೆ ಸಲೀಸು. ಹೆಂಗಸರು ತತ್ತಿ ಆಕಾರ ಅನ್ನುತ್ತಾರೆ, ಅದೂ ಸರಿಯೇ. ಅವರೆಲ್ಲ ಯಾರು ಎಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಕನ್ನಡ ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಮೊದಲ ಮಾಸ್ತರರು, ತಮ್ಮ ಮನೆಯ ಪಡಸಾಲೆಯಲ್ಲಿ ಈ ವಾಚನಾಲಯ ಸುರು ಮಾಡಿದವರು, ಗಾಡಿ ಕಟ್ಟಿಕೊಂಡು ಸೋಲಾಪುರಕ್ಕೆ ಹೋಗಿ ಪುಸ್ತಕ ತಂದವರು.

ಠರಾವು ತಂದ ತರುಣರು ನನ್ನ ಶಿಷ್ಯರ ಮಕ್ಕಳು. ಕೆಟ್ಟವರಲ್ಲ. ವಾಚನಾಲಯಕ್ಕೆ ಸುಣ್ಣ ಬಳಿಸಿದವರು ಅವರೇ. ಅವರು ಹೇಳಿದ ಕಾರಣಗಳನ್ನು ನ್ಯಾಯವಾಗಿಯೇ ಬರೆಯುತ್ತೇನೆ. ಇದು ಹಳೇ ಫ್ಯಾಶನ್. ಇದು ಇಂಗ್ಲಿಷರ ಪದ್ಧತಿ. ಇದು ಸಾಹುಕಾರರ ಶೋಕಿ. ಲಂಬಗೋಲ ಅಂದರೆ ಸತ್ತವರ ಫೋಟೋ, ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತದೆ. ಕೊನೆಯದು ಒಬ್ಬ ಹುಡುಗ ಎದ್ದು ಹೇಳಿದ್ದು: "ಸುಮ್ಮ ನಾಕೂ ಮೂಲಿ ದಂಡ ಆಗ್ಯಾವ್ರೀ ಸರ್. ಅಷ್ಟು ಜಾಗಾ ಉಪಯೋಗ ಮಾಡಬೌದಲ್ಲ?"

ಈ ಕೊನೆಯ ಮಾತು ಎಲ್ಲಕ್ಕಿಂತ ಬುದ್ಧಿವಂತಿಕೆಯದು. ಅವನು ಗೊತ್ತಿಲ್ಲದೇ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾನೆ. ಲಂಬಗೋಲದ ಗುಟ್ಟು ಇರುವುದು ಆ ದಂಡವಾದ ನಾಲ್ಕು ಮೂಲೆಯಲ್ಲೇ.

ಸುಮ್ಮನೆ ಕೇಳಿದರೆ ಎಲ್ಲರೂ ಒಂದು ಉತ್ತರ ಕೊಡುತ್ತಾರೆ. ಮನುಷ್ಯನ ಮುಖ ತತ್ತಿ ಆಕಾರದ್ದು, ಅದಕ್ಕೇ ತತ್ತಿ ಆಕಾರದ ಚೌಕಟ್ಟು ಚೆಂದ ಕಾಣುತ್ತದೆ ಅಂತ. ಮೂವತ್ತೊಂದು ವರ್ಷ ಮಕ್ಕಳಿಗೆ ಚಿತ್ರ ಕಲಿಸುವಾಗ ನಾನೂ ಇದನ್ನೇ ಹೇಳುತ್ತಾ ಬಂದೆ, ಈಗ ನಾಚಿಕೆಯಾಗುತ್ತದೆ. ಕಾಲು ಉದ್ದ ಇದೆ ಅಂತ ಉದ್ದ ಖೋಲಿಯಲ್ಲಿ ಮಲಗುತ್ತೇವೆಯೇ? ಮುಖದ ಆಕಾರವೇ ಕಾರಣವಾಗಿದ್ದರೆ ಪ್ರಪಂಚದ ಎಲ್ಲ ಮುಖಚಿತ್ರಗಳೂ ಲಂಬಗೋಲವೇ ಇರಬೇಕಿತ್ತು. ಇಲ್ಲ. ಹೆಚ್ಚಿನವು ಚೌಕವೇ. ಅಂದಮೇಲೆ ಯಾರೋ ಬೇಕು ಅಂತಲೇ, ತ್ರಾಸು ತಗೊಂಡು, ಮೂಲೆ ಕಡಿದಿದ್ದಾರೆ. ಯಾಕೆ ಕಡಿದರು ಎನ್ನುವುದು ಪ್ರಶ್ನೆ.

ಚೌಕದ ಮೂಲೆ ಬಹಳ ಕೆಲಸದ ಜಾಗ. ಅಲ್ಲಿ ಏನಾದರೂ ಇಡಲೇಬೇಕು ಅನ್ನಿಸುತ್ತದೆ. ನಮ್ಮಿಂದ ದೂರವಿಲ್ಲದ ವಿಜಾಪುರವನ್ನೇ ನೋಡಿ. ಅಲ್ಲಿಯ ಎರಡನೆಯ ಇಬ್ರಾಹಿಂ ಆದಿಲಶಾಹನ ಒಂದು ಪ್ರಸಿದ್ಧ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಲ್ತಾನ ಕೈಯಲ್ಲಿ ಕರತಾಳ ಹಿಡಿದಿದ್ದಾನೆ, ಸಂಗೀತದ ಹುಚ್ಚಿನ ಅರಸ. ಮೈಮೇಲೆ ತೆಳು ಬಿಳಿ ಬಟ್ಟೆ, ಸುತ್ತ ದಟ್ಟ ಗಿಡಮರ. ಅದ್ಭುತ ಚಿತ್ರ, ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅದು ಅರಸನ ಚಿತ್ರ, ಅವನ ಜೊತೆಗೆ ಅವನ ನೆಲದ ಚಿತ್ರವೂ ಹೌದು. ಸಿಂಹಾಸನ, ಕಂಬ, ಪರದೆ, ಚವರಿ ಬೀಸುವವ, ದೂರದ ಕೋಟೆ, ಮೋಡ, ಹೆಸರಿನ ಪಟ್ಟಿ: ಚೌಕ ಚಿತ್ರದಲ್ಲಿ ಇವಕ್ಕೆಲ್ಲ ಜಾಗ ಸಿಗುತ್ತದೆ. ಈತ ಯಾರು, ಎಷ್ಟರವನು ಎಂದು ಮೂಲೆಗಳು ಸಾಕ್ಷಿ ಹೇಳುತ್ತವೆ.

ಲಂಬಗೋಲಕ್ಕೆ ಸಾಕ್ಷಿಗಳಿಲ್ಲ. ತಲೆ, ಕುತ್ತಿಗೆ, ಹೆಗಲು, ಮುಗಿಯಿತು. ಮೂಲೆ ಕಡಿದಿದ್ದರಿಂದ ಹೊಲ ಹೋಯಿತು, ಮನೆ ಹೋಯಿತು, ಕುರ್ಚಿ ಹೋಯಿತು. ಉಳಿದದ್ದು ಒಬ್ಬ ಮನುಷ್ಯ.

ಶಾಲೆಯಲ್ಲಿ ನಾನು ಲಂಬಗೋಲ ತೆಗೆಯಲು ಕಲಿಸುತ್ತಿದ್ದದ್ದು ಎರಡು ಮೊಳೆ, ಒಂದು ದಾರದಿಂದ. ಹಲಗೆಗೆ ಎರಡು ಮೊಳೆ ಬಡಿ, ದಾರದ ಕುಣಿಕೆ ಹಾಕು, ಪೆನ್ಸಿಲ್ಲಿನಿಂದ ದಾರ ಬಿಗಿ ಹಿಡಿದು ಸುತ್ತು ಬಾ. ಮೊಳೆ ಹತ್ತಿರ ತಂದರೆ ದುಂಡಗಾಗುತ್ತದೆ, ದೂರ ಮಾಡಿದರೆ ಸೌತೆಕಾಯಿ ಆಗುತ್ತದೆ. ಎರಡೂ ಮೊಳೆ ಒಂದೇ ಕಡೆ ಬಂದರೆ ಪೂರಾ ವೃತ್ತ. ಇದರಲ್ಲಿ ಚಿತ್ರಗಾರನಿಗೆ ಒಂದು ಲಾಭ ಇದೆ. ವೃತ್ತದ ನಡುವೆ ಮುಖ ಕೂಡಿಸಿದರೆ ಅದು ನಾಣ್ಯವಾಗುತ್ತದೆ, ರಾಜನ ತಲೆ. ಲಂಬಗೋಲದಲ್ಲಿ ಮುಖ ಮೇಲಿನ ಮೊಳೆಯ ಹತ್ತಿರ ನಿಲ್ಲುತ್ತದೆ, ಕೆಳಗಿನ ಮೊಳೆಯ ಹತ್ತಿರ ಎದೆ ಬರುತ್ತದೆ. ಉಸಿರಾಡುವ ಜಾಗ ಸಿಗುತ್ತದೆ.

ಇದು ನನ್ನ ಕಲ್ಪನೆ ಅಲ್ಲ, ಚರಿತ್ರೆಯಲ್ಲೂ ಹೀಗೇ ಆಗಿದೆ. ಹಳೆಯ ರೋಮಿನ ದೊಡ್ಡ ಮನೆತನದವರು ಹಿರಿಯರ ಮುಖಗಳನ್ನು ದುಂಡು ಗುರಾಣಿಯ ಮೇಲೆ ಮಾಡಿಸಿ ಗುಡಿಯಲ್ಲಿ, ಮನೆಯಲ್ಲಿ ತೂಗುಹಾಕುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ 1520-30ರ ಸುಮಾರಿಗೆ ಅಂಗೈಯಗಲದ ಮುಖಚಿತ್ರಗಳು ಬಂದಾಗ ಅವೂ ದುಂಡಗೇ ಇದ್ದವು. ಹೋಲ್ಬೈನ್ ಬರೆದ ಸಣ್ಣ ಚಿತ್ರಗಳು ಹಾಗೇ ಇವೆ. ಅವು ಲಂಬಗೋಲಕ್ಕೆ ತಿರುಗಿದ್ದು 1570ರ ದಶಕದಲ್ಲಿ, ನಿಕೋಲಸ್ ಹಿಲಿಯರ್ಡ್ ಎಂಬುವವನ ಕೈಯಲ್ಲಿ. ಹಿಲಿಯರ್ಡ್ ಮೊದಲು ಕಲಿತದ್ದು ಅಕ್ಕಸಾಲಿಗನ ಕಸಬು. ಇದನ್ನು ಮರೆಯಬಾರದು. ಅವನ ಚಿತ್ರಗಳು ಗೋಡೆಗಾಗಿ ಹುಟ್ಟಿದವಲ್ಲ, ಕೊರಳಿಗಾಗಿ ಹುಟ್ಟಿದವು. ತೆಳ್ಳನೆಯ ಕರುವಿನ ಚರ್ಮದ ಮೇಲೆ ಬರೆಯುತ್ತಿದ್ದ. ಆ ಚರ್ಮಕ್ಕೆ ಹಿಂದೆ ಗಟ್ಟಿ ಬೇಕಲ್ಲ, ಅದಕ್ಕೆ ಇಸ್ಪೀಟ್ ಎಲೆ ಅಂಟಿಸುತ್ತಿದ್ದ! ಮುಂದೆ ರಾಣಿ ಎಲಿಜಬೆತ್, ಹಿಂದೆ ಇಸ್ಪೀಟ್. ಸಾಹುಕಾರರ ಶೋಕಿ ಅನ್ನುವವರು ಇದನ್ನೂ ಸ್ವಲ್ಪ ನೆನಪಿಡಲಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1600ರ ಸುಮಾರಿನ ಒಂದು ಲಂಬಗೋಲ ಚಿತ್ರ ಇದೆ. ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಹುದು, ಅಷ್ಟು ಸಣ್ಣದು. ಒಬ್ಬ ತರುಣ, ಅಂಗಿಯ ಎದೆ ಬಿಚ್ಚಿದೆ, ಹಿಂದೆಲ್ಲ ಬೆಂಕಿಯ ನಾಲಿಗೆಗಳು. ಕೊರಳ ಸರಪಳಿಯ ತಾಯಿತದಂಥ ಪದಕ ಅವನ ಕೈಯಲ್ಲಿದೆ. ಪದಕದೊಳಗೆ ಯಾರ ಮುಖ ಇದೆಯೋ ನಮಗೆ ಕಾಣುವುದಿಲ್ಲ, ಅದು ಅವನಿಗೆ ಮಾತ್ರ ಗೊತ್ತು. ಆ ತರುಣನ ಹೆಸರೂ ಯಾರಿಗೂ ಗೊತ್ತಿಲ್ಲ. ನಾಲ್ಕು ನೂರು ವರ್ಷ ಅವನು ಹೆಸರಿಲ್ಲದೆ ಉರಿಯುತ್ತಾ ನಿಂತಿದ್ದಾನೆ. ಪುಸ್ತಕದಲ್ಲಿ ಆ ಚಿತ್ರ ಮೊದಲು ನೋಡಿದಾಗ ನಾನು ಪುಟ ತಿರುವಲು ಆಗದೆ ಕುಳಿತಿದ್ದೆ. ಲಂಬಗೋಲ ಅಂದರೆ ಸತ್ತವರ ಫೋಟೋ ಅನ್ನುತ್ತೀರಲ್ಲ, ಇದು ಬದುಕಿದ್ದವರು ಬದುಕಿದ್ದವರಿಗೆ ಕೊಟ್ಟ ಚಿತ್ರ. ಎದೆಗೆ ತಾಗಿಸಿ ಇಟ್ಟುಕೊಳ್ಳಲಿಕ್ಕೆ. ಚೌಕದ ಮೂಲೆ ಎದೆಗೆ ಚುಚ್ಚುತ್ತದೆ, ಲಂಬಗೋಲ ಚುಚ್ಚುವುದಿಲ್ಲ.

ಗೋರಿಗಳ ಮೇಲೆ ಪಿಂಗಾಣಿಯ ಲಂಬಗೋಲ ಫೋಟೋ ಕೂಡಿಸುವ ಪದ್ಧತಿ ಇಟಲಿ, ಫ್ರಾನ್ಸಿನ ಕಡೆ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ಆಮೇಲಿನದು. ಎದೆಯ ಮೇಲೆ ಇದ್ದದ್ದು ಗೋರಿಯ ಮೇಲೆ ಹೋಯಿತು. ಪ್ರೀತಿಯವರು ಸತ್ತರೆ ಮತ್ತೆಲ್ಲಿ ಹೋಗಬೇಕು?

ಇನ್ನೊಂದು ಚಿತ್ರದ ಮಾತು ಹೇಳದೆ ಮುಂದೆ ಹೋಗಲಾರೆ. ಸ್ಪೇನ್ ದೇಶದ ಸೆವಿಲ್ ಊರಿನ ಮುರಿಲ್ಲೋ ಎಂಬ ಚಿತ್ರಕಾರ 1670ರ ಸುಮಾರಿಗೆ ತನ್ನ ಚಿತ್ರವನ್ನು ತಾನೇ ಬರೆದ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಟ್ಟೆ ಚೌಕವೇ. ಆದರೆ ಆ ಚೌಕದೊಳಗೆ ಕಲ್ಲಿನ ಲಂಬಗೋಲ ಚೌಕಟ್ಟನ್ನು ಬಣ್ಣದಲ್ಲೇ ಬರೆದು ಅದರೊಳಗೆ ತನ್ನನ್ನು ಕೂಡಿಸಿದ್ದಾನೆ. ಮುಂದೆ ಕುಂಚ, ಬಣ್ಣದ ಹಲಗೆ, ಕಂಪಾಸು, ಅಳತೆಪಟ್ಟಿ, ಅವನ ಕಸಬಿನ ಸಾಮಾನು. ಬಲಗೈ ಮಾತ್ರ ಒಳಗೆ ನಿಂತಿಲ್ಲ. ಚೌಕಟ್ಟಿನಿಂದ ಹೊರಗೆ ಬಂದು ಅದರ ಅಂಚಿನ ಮೇಲೆ ಕೂತಿದೆ, ಕಿಟಕಿಯ ಕಟ್ಟೆಯ ಮೇಲೆ ಕೈ ಇಟ್ಟು ಅಂಗಳದ ಮಕ್ಕಳನ್ನು ನೋಡುವವರ ಹಾಗೆ. ಕೆಳಗೆ ಲ್ಯಾಟಿನಿನಲ್ಲಿ ಬರೆದಿದ್ದಾನೆ: ಮಕ್ಕಳು ಆಸೆಪಟ್ಟು ಬೇಡಿಕೊಂಡದ್ದಕ್ಕಾಗಿ ತನ್ನನ್ನು ತಾನೇ ಬರೆದುಕೊಂಡದ್ದು ಎಂಬ ಅರ್ಥದಲ್ಲಿ. ಆ ಹೊತ್ತಿಗೆ ಅವನ ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ತಾಯಿ ಇಲ್ಲದ ಮಕ್ಕಳು ಅಪ್ಪನ ಮುಖ ಬೇಕು ಅಂದರು, ಅಪ್ಪ ಲಂಬಗೋಲದೊಳಗೆ ಕೂತು ಕೈ ಹೊರಗೆ ಚಾಚಿದ. ಇದಕ್ಕಿಂತ ಹೆಚ್ಚಿನ ವಿವರಣೆ ನನಗೆ ಕೊಡಲು ಬರುವುದಿಲ್ಲ.

ಮುರಿಲ್ಲೋನ ಹಾಗೆ ಚೌಕದ ಮೇಲೆ ಲಂಬಗೋಲ ಬರೆಯುವ ಉಪಾಯ ಆ ಶತಮಾನದಲ್ಲಿ ಬಹಳ ನಡೆಯಿತು. ಶೇಕ್ಸ್‌ಪಿಯರನದೆಂದು ಎಲ್ಲರೂ ನೋಡುವ, ಕಿವಿಯಲ್ಲಿ ಬಂಗಾರದ ಒಂಟಿ ಇರುವ ಚಾಂಡೋಸ್ ಚಿತ್ರವೂ ಹಾಗೇ ಇದೆ. 1856ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸುರುವಾದಾಗ ಅದರ ದಾಖಲೆಯಲ್ಲಿ ಒಂದನೇ ನಂಬರಿನ ಚಿತ್ರ ಅದೇ. ಅಗ್ಗದ ಚೌಕ ಬಟ್ಟೆ ಕೈಯಲ್ಲಿದ್ದೂ, ಮೂಲೆಗೆ ಕಪ್ಪು ಬಳಿದು, ದಂಡ ಮಾಡಿದರು. ಯಾಕೆ ದಂಡ ಮಾಡಿದರು ಎಂದು ನಮ್ಮ ಹುಡುಗ ಅವರನ್ನೂ ಕೇಳಬೇಕಿತ್ತು.

ಈಗ ಇಂಗ್ಲಿಷರ ಪದ್ಧತಿ ಎನ್ನುವ ಮಾತು. ಬಂದದ್ದು ಅಲ್ಲಿಂದಲೇ, ಸರಿ. ಮೆಣಸಿನಕಾಯಿ ಎಲ್ಲಿಂದ ಬಂತು? ಶೇಂಗಾ ಎಲ್ಲಿಂದ ಬಂತು? ಎರಡೂ ಸಮುದ್ರ ದಾಟಿ ಬಂದವೇ, ಈಗ ಶೇಂಗಾ ಚಟ್ನಿ ಇಲ್ಲದೆ ಸೋಲಾಪುರದವರಿಗೆ ರೊಟ್ಟಿ ಇಳಿಯುವುದಿಲ್ಲ. 1616ರಲ್ಲಿ ಅಜ್ಮೀರಿನಲ್ಲಿ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ ಜಹಾಂಗೀರ್ ಬಾದಶಹನಿಗೆ ತಮ್ಮ ಕಡೆಯ ಒಂದು ಸಣ್ಣ ಚಿತ್ರ ತೋರಿಸಿದ. ನಿಮ್ಮವರಿಗೆ ಇಂಥದ್ದು ಮಾಡಲಾಗದು ಎಂಬ ಜಂಬ ಇತ್ತು. ಬಾದಶಹ ತನ್ನ ಚಿತ್ರಗಾರನಿಂದ ಐದು ನಕಲು ಮಾಡಿಸಿ, ಅಸಲಿನ ಜೊತೆ ಸೇರಿಸಿ, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ರೋನ ಮುಂದೆ ಇಟ್ಟು, ನಿನ್ನದು ಯಾವುದು ಹೇಳು ಅಂದ. ರೋ ತಡಕಾಡಿದ. ತಡಕಾಡಿದೆ ಎಂದು ತಾನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ, ಅಷ್ಟರಮಟ್ಟಿಗೆ ಪ್ರಾಮಾಣಿಕ. ಆಮೇಲೆ ಶಹಾಜಹಾನನ ಕಾಲಕ್ಕೆ ನಮ್ಮ ಕಡೆಯ ಚಿತ್ರಗಾರರು ಲಂಬಗೋಲವನ್ನು ಪೂರಾ ತಮ್ಮದು ಮಾಡಿಕೊಂಡರು. ನಡುವೆ ಲಂಬಗೋಲದಲ್ಲಿ ಮುಖ, ಸುತ್ತ ಅಂಚಿನಲ್ಲಿ ಬಂಗಾರದ ಹೂಬಳ್ಳಿ. 19ನೆಯ ಶತಮಾನದ ಹೊತ್ತಿಗೆ ದೆಹಲಿಯ ಬಜಾರದಲ್ಲಿ ಆನೆದಂತದ ತೆಳು ಲಂಬಗೋಲಗಳ ಮೇಲೆ ಶಹಾಜಹಾನ್, ಮುಮ್ತಾಜ್ ಜೋಡಿ ಬರೆದು ಸಾಹೇಬರಿಗೇ ಮಾರುತ್ತಿದ್ದರು. ಮುಮ್ತಾಜಳ ಮುಖ ಯಾರು ಕಂಡಿದ್ದರು? ಅದು ವ್ಯಾಪಾರ, ಬಿಡಿ. ಕಲಿತ ವಿದ್ಯೆಯನ್ನು ಕಲಿಸಿದವರಿಗೇ ಮಾರಿದರು ಎನ್ನುವುದಷ್ಟೇ ನನ್ನ ಮಾತು.

ಅರಸರು, ಸರಕಾರಗಳೂ ಲಂಬಗೋಲ ಬಳಸಿಕೊಂಡಿವೆ. ಅಮೆರಿಕದ ಒಂದು ಡಾಲರ್ ನೋಟಿನಲ್ಲಿ ವಾಷಿಂಗ್ಟನ್ ಕೂತಿರುವುದು ಲಂಬಗೋಲದೊಳಗೇ. ಗಿಲ್ಬರ್ಟ್ ಸ್ಟೂವರ್ಟ್ 1796ರಲ್ಲಿ ಬರೆಯಲು ತೊಡಗಿ ಅರ್ಧಕ್ಕೇ ಬಿಟ್ಟ ಚಿತ್ರದ ಮುಖ ಅದು. ಒಳ್ಳೆಯ ಪಾತ್ರೆಯಲ್ಲಿ ಎಲ್ಲರೂ ನೀರು ಕುಡಿಯುತ್ತಾರೆ, ಅದಕ್ಕೆ ಪಾತ್ರೆ ಏನು ಮಾಡೀತು?

ಸಾಹುಕಾರರ ಶೋಕಿ ಎನ್ನುವ ಮಾತಿಗೆ ಬರುತ್ತೇನೆ. ಇದಕ್ಕೆ ಮಾತ್ರ ನನಗೆ ಸಿಟ್ಟೇ ಬರುತ್ತದೆ. ಫೋಟೋ ಬಂದಮೇಲೆ ಲಂಬಗೋಲ ಬಡವರ ಮನೆಗೆ ಬಂತು. 1840ರಲ್ಲಿ ಪೆಟ್ಜ್‌ವಾಲ್ ಎಂಬ ಗಣಿತಜ್ಞ ಮುಖದ ಫೋಟೋಕ್ಕೆಂದೇ ಒಂದು ಮಸೂರ ಲೆಕ್ಕ ಹಾಕಿಕೊಟ್ಟ. ಅದಕ್ಕಿಂತ ಮುಂಚಿನವುಗಳಿಗಿಂತ ಬಹಳ ಹೆಚ್ಚು ಬೆಳಕು ಒಳಗೆ ಬಿಡುತ್ತಿತ್ತು, ಆದ್ದರಿಂದ ಮನುಷ್ಯರು ನಿಮಿಷಗಟ್ಟಲೆ ಕಲ್ಲಿನ ಹಾಗೆ ಕೂಡಬೇಕಾದ ಶಿಕ್ಷೆ ತಪ್ಪಿತು. ಆದರೆ ಅದರಲ್ಲಿ ನಡುವೆ ಮಾತ್ರ ಚೊಕ್ಕ, ಅಂಚಿಗೆ ಹೋದಂತೆ ಮಸುಕು. ಆ ಮಸುಕಾದ ಅಂಚನ್ನು ಲಂಬಗೋಲ ಕಿಂಡಿಯ ಹಲಗೆ, ರಟ್ಟು ಮುಚ್ಚಿಹಾಕುತ್ತಿತ್ತು. ಹರಿದ ಪರದೆಯನ್ನೂ ಮುಚ್ಚುತ್ತಿತ್ತು, ಸವೆದ ಧೋತರದ ಅಂಚನ್ನೂ ಮುಚ್ಚುತ್ತಿತ್ತು.

ನಮ್ಮ ಕಡೆ ಫ್ರೇಮು ಕಟ್ಟುವವರನ್ನು ಕೇಳಿ ನೋಡಿ. ಗಾಜನ್ನು ಲಂಬಗೋಲ ಕತ್ತರಿಸುವುದು ಕಷ್ಟದ ಕೆಲಸ, ಹತ್ತರಲ್ಲಿ ನಾಲ್ಕು ಸೀಳುತ್ತವೆ. ಅದು ಖರೇನೇ ಸಾಹುಕಾರರದು. ನಮ್ಮ ಗೋಡೆಯ ಎಂಟು ಫೋಟೋಗಳಲ್ಲಿ ಅಂಥದ್ದು ಒಂದೂ ಇಲ್ಲ. ಎಲ್ಲ ಚೌಕ ಕಟ್ಟು, ಚೌಕ ಗಾಜು, ಒಳಗೆ ಮಾತ್ರ ಲಂಬಗೋಲ ಕತ್ತರಿಸಿದ ರಟ್ಟಿನ ಮೌಂಟು. ಒಂದು ರಟ್ಟು, ಒಂದು ಚೂರಿ, ಕೈ ನಡುಗದ ಒಬ್ಬ ಮನುಷ್ಯ, ಇಷ್ಟು ಸಾಕು. ನಮ್ಮ ಮೊದಲ ಮಾಸ್ತರರಿಗೆ ಇದ್ದದ್ದು ಒಂದೇ ಕೋಟು. ಆ ಕೋಟಿನ ಕೆಳಗಿನ ಗುಂಡಿ ಇರಲಿಲ್ಲವೆಂದು ನಮ್ಮ ತಂದೆ ಹೇಳುತ್ತಿದ್ದರು. ಫೋಟೋದಲ್ಲಿ ಎರಡು ಗುಂಡಿ ಕಾಣುತ್ತವೆ, ಮೂರನೆಯದರ ಜಾಗಕ್ಕೆ ಲಂಬಗೋಲ ತಿರುಗಿಬಿಡುತ್ತದೆ. ಇದಕ್ಕೆ ನೀವು ಶೋಕಿ ಅನ್ನುತ್ತೀರಿ. ನಾನು ಮರ್ಯಾದೆ ಅನ್ನುತ್ತೇನೆ.

ಹಳೇ ಫ್ಯಾಶನ್ ಅನ್ನುವವರಿಗೆ ಒಂದೇ ಮಾತು. 1912ರಲ್ಲಿ ಪಿಕಾಸೋ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆ ಅಂಟಿಸಿ ಒಂದು ಚಿತ್ರ ಮಾಡಿದ. ಹೊಸ ಕಲೆಯ ಚರಿತ್ರೆ ಬರೆಯುವವರೆಲ್ಲ ಅದರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಅದು ಲಂಬಗೋಲ, ಸುತ್ತ ಚೌಕಟ್ಟಿಗೆ ಬದಲಾಗಿ ಹಗ್ಗ. ಆ ವರ್ಷಗಳಲ್ಲಿ ಅವನೂ ಅವನ ಗೆಳೆಯ ಬ್ರಾಕ್‌ನೂ ಲಂಬಗೋಲದ ಮೇಲೆ ಮತ್ತೆ ಮತ್ತೆ ಬರೆದರು. ಚಿತ್ರದ ಗಟ್ಟಿಯೆಲ್ಲ ನಡುವೆ ಸೇರುತ್ತಿತ್ತು, ಮೂಲೆಯಲ್ಲಿ ಏನು ಮಾಡಬೇಕೋ ತಿಳಿಯದ ತಾಪತ್ರಯ; ಮೂಲೆಯನ್ನೇ ತೆಗೆದರು. ಎಲ್ಲ ಹಳೆಯದನ್ನು ಮುರಿಯಲು ಹೊರಟವರೂ ಇದನ್ನು ಮುರಿಯಲಿಲ್ಲ.

ಇಷ್ಟೆಲ್ಲ ಚರಿತ್ರೆ ಯಾಕೆ ಹೇಳಿದೆನೆಂದರೆ, ಒಂದು ಫೋಟೋ ಆಗಲೇ ಹೊಸದಾಗಿ ಬಂದಿದೆ. ನಮೂನೆಗೆ ಅಂತ ಮೊದಲ ಮಾಸ್ತರರದನ್ನೇ ಪೇಟೆಯ ಒಂದು ಸ್ಟುಡಿಯೋಕ್ಕೆ ಕಳಿಸಿದ್ದರು. ಆ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ನಾಲ್ಕೂ ಮೂಲೆ ತುಂಬಿಸಿ ಕೊಟ್ಟಿದ್ದಾರೆ. ಸಭೆಯಲ್ಲಿ ಕೈಯಿಂದ ಕೈಗೆ ತಿರುಗಿತು, ಎಲ್ಲರೂ "ಭಾರೀ ಬಂದೈತಿ" ಅಂದರು. ನಾನು ನೋಡಿದೆ. ಹಿಂದೆ ಎರಡು ಕಂಬ ಹುಟ್ಟಿವೆ, ಅರಮನೆಯ ಕಂಬ. ಕೆಂಪು ಮಖಮಲ್ಲಿನ ಪರದೆ ಹುಟ್ಟಿದೆ. ಮಾಸ್ತರರ ಹೆಗಲ ಮೇಲೆ ಜರಿಯಂಚಿನ ಶಾಲು ಹುಟ್ಟಿದೆ. ಕೋಟಿಗೆ ಮೂರನೆಯ ಗುಂಡಿಯೂ ಹುಟ್ಟಿದೆ, ಬಂಗಾರದ್ದು!

ಇಲ್ಲಿ ನಾನು ಹೋಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರನನ್ನು ನೆನೆಯುತ್ತೇನೆ. 1745ರಲ್ಲಿ ಅವನು ತನ್ನದೊಂದು ಚಿತ್ರ ಮುಗಿಸಿದ. ಅದರಲ್ಲಿ ಅವನ ಮುಖ ಲಂಬಗೋಲ ಬಟ್ಟೆಯ ಮೇಲಿದೆ, ಆ ಲಂಬಗೋಲ ಮೂರು ಪುಸ್ತಕಗಳ ಮೇಲೆ ನಿಂತಿದೆ, ಮುಂದೆ ಅವನ ಸಾಕಿದ ನಾಯಿ ಕೂತಿದೆ. ತಲೆಗೆ ಮನೆಯಲ್ಲಿ ಹಾಕುವ ಸಾದಾ ಟೋಪಿ. ಮುಂದೆ ಎಕ್ಸ್‌ರೇ ತೆಗೆದು ನೋಡಿದಾಗ ಬಣ್ಣದ ಕೆಳಗೆ ಬೇರೆ ಹೋಗಾರ್ತ್ ಸಿಕ್ಕ: ದೊಡ್ಡ ಮನುಷ್ಯರ ಕೋಟು, ತಲೆಗೆ ಕೃತಕ ಕೂದಲಿನ ಟೋಪನ್ನು. ತಾನೇ ಬರೆದದ್ದನ್ನು ತಾನೇ ಅಳಿಸಿ ಸಾದಾ ಆಗಿದ್ದ. ಬದುಕಿದ್ದಾಗ ಅವನು ಕಳಚಿದ್ದನ್ನು ನಾವು ಸತ್ತ ಮಾಸ್ತರರಿಗೆ ತೊಡಿಸುತ್ತಿದ್ದೇವೆ. ಆ ಮನುಷ್ಯ ಜೀವಮಾನದಲ್ಲಿ ಶಾಲು ಹೊದೆಸಿಕೊಂಡವರಲ್ಲ. ಸನ್ಮಾನ ಅಂದರೆ ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತಿದ್ದರಂತೆ. ಗಡಿಯಾಚೆಯ ಈ ಊರಲ್ಲಿ, ಯಾವ ಅರಮನೆಯ ಕಂಬದ ಆಸರೆಯೂ ಇಲ್ಲದೆ, ಹನ್ನೊಂದು ಹುಡುಗರನ್ನು ಕೂಡಿಸಿಕೊಂಡು ಕನ್ನಡ ಶಾಲೆ ಸುರು ಮಾಡಿದರು ಎಂಬುದೇ ಅವರ ಕಥೆ. ನಾಳೆ ಆ ಕಂಬ ನೋಡಿದ ಮಗು, ಓಹೋ, ಇವರು ರಾಜರ ಮಂದಿ, ಶಾಲೆ ಕಟ್ಟುವುದು ಇವರಿಗೆ ಏನು ಮಹಾ ಎಂದುಕೊಂಡರೆ ನಾವು ಏನು ಹೇಳಬೇಕು?

ಇನ್ನು ನನ್ನ ವಾದಕ್ಕೆ ನಾನೇ ಹಾಕಬೇಕಾದ ಒಂದು ಪೆಟ್ಟು ಇದೆ. ಯಾರೂ ನನ್ನನ್ನು ಕೇಳಿಲ್ಲ, ಆದರೆ ಮುಚ್ಚಿಟ್ಟರೆ ನಾನೂ ಆ ಸ್ಟುಡಿಯೋದವನೇ ಆದೇನು.

ಸಭೆ ಮುಗಿದ ಮೂರನೆಯ ದಿನ, ಹೋದ ಮಳೆಗಾಲದಲ್ಲಿ ಗಾಜು ಒಡೆದಿದ್ದ ಒಂದು ಫೋಟೋವನ್ನು ದುರಸ್ತಿಗೆಂದು ಮನೆಗೆ ತಂದೆ. ಶಾಲೆಗೆ ಜಾಗ ಕೊಟ್ಟ ಹಿರಿಯರದು. ಹಿಂದಿನ ಮೊಳೆ ಕಿತ್ತು, ಹುಳು ತಿಂದ ಹಲಗೆ ತೆಗೆದು, ಮೌಂಟು ಎತ್ತಿದರೆ ಕೆಳಗೆ ಪೂರಾ ಫೋಟೋ ಇತ್ತು. ಚೌಕದ್ದು, ಮೂಲೆ ಸಮೇತ. ಮುಚ್ಚಿದ್ದ ಭಾಗ ಬೆಳಕು ತಾಗದೆ ಹೊಸದರ ಹಾಗೆ ಕರ್ರಗೆ ಉಳಿದಿತ್ತು. ಎಡಕ್ಕೆ ಮೇಲೆ ಪರದೆಯ ಹರಿದ ತುದಿ, ಬಲಕ್ಕೆ ಕೆಳಗೆ ಕುರ್ಚಿಯ ಕಾಲು. ಎಡಕ್ಕೆ ಕೆಳಗೆ ಒಬ್ಬ ಹುಡುಗ.

ಹತ್ತು ಹನ್ನೊಂದು ವರ್ಷದವನಿರಬೇಕು. ಅಂಗಿ ಇಲ್ಲ. ನೆಲದ ಮೇಲೆ ಕೂತು, ಹಿರಿಯರ ರುಮಾಲೋ ಚೀಲವೋ ಏನನ್ನೋ ತೊಡೆಯ ಮೇಲೆ ಹಿಡಿದುಕೊಂಡಿದ್ದಾನೆ. ಗಾಡಿಯ ಜೊತೆ ಬಂದವನಿರಬಹುದು, ಮನೆಯ ಆಳಿನ ಮಗನಿರಬಹುದು. ಹಿರಿಯರು ಕ್ಯಾಮೆರಾ ಬಿಟ್ಟು ಎಲ್ಲೋ ದೂರ ನೋಡುತ್ತಿದ್ದಾರೆ. ಈ ಹುಡುಗ ಮಾತ್ರ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾನೆ, ಕಣ್ಣು ಪಿಳುಕಿಸದೆ. ಫೋಟೋದಲ್ಲಿ ಅವನ ಮುಖವೇ ಹಿರಿಯರದಕ್ಕಿಂತ ಚೊಕ್ಕ ಬಂದಿದೆ.

ಇಷ್ಟು ವರ್ಷ ಆ ಫೋಟೋದ ಕೆಳಗೆ ಕೂತು ನಾನು ಪತ್ರಿಕೆ ಓದಿದ್ದೇನೆ. ರಟ್ಟಿನ ಹಿಂದೆ ಅವನಿದ್ದ. ಮೂಲೆ ಕಡಿದರೆ ಹೊಲ, ಮನೆ, ಕುರ್ಚಿ ಹೋಗಿ ಬರೀ ಮನುಷ್ಯ ಉಳಿಯುತ್ತಾನೆ ಎಂದು ಈಗಷ್ಟೇ ದೊಡ್ಡದಾಗಿ ಬರೆದೆನಲ್ಲ. ಹೊಲ ಮನೆಯ ಜೊತೆಗೆ ಅವನೂ ಹೋಗಿದ್ದ. ಹಾಗೆ ಕತ್ತರಿಸುವಾಗ ಯಾರಿಗೂ ಕೈ ತಡೆದಿರಲಿಕ್ಕಿಲ್ಲ. ಹಾಗಾದರೆ ಠರಾವೇ ಸರಿ, ಪೂರಾ ಚೌಕ ಹಾಕೋಣ ಎಂದು ನಮ್ಮ ತರುಣರು ಅನ್ನಬಹುದು. ಆದರೆ ಅವರ ಠರಾವಿನಲ್ಲಿ ಹುಡುಗನಿಗೆ ಜಾಗ ಇದೆಯೇ? ಇಲ್ಲ. ಮೌಂಟಿನ ಮೇಲಿನಿಂದ ಸ್ಕ್ಯಾನ್ ಮಾಡಿ, ಅವನು ಕೂತ ಮೂಲೆಯಲ್ಲಿ ಕಂಬ ನಿಲ್ಲಿಸುತ್ತಾರೆ. ಲಂಬಗೋಲ ಅವನನ್ನು ಮುಚ್ಚಿತ್ತು, ಅಷ್ಟೇ. ಮುಚ್ಚಿದ್ದು ಸಿಕ್ಕಿತು. ಕಂಬ ಬಂದಮೇಲೆ ಸಿಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಎಂಟು ಲಂಬಗೋಲಗಳು ಇದ್ದ ಹಾಗೇ ಇರಲಿ, ಗಾಜು ನಾನು ಹಾಕಿಸುತ್ತೇನೆ. ಶಾಲಿನ ಮಾಸ್ತರರನ್ನು ಸ್ಟುಡಿಯೋಕ್ಕೆ ವಾಪಸು ಕಳಿಸಿರಿ. ಉಳಿದ ಫೋಟೋಗಳ ಮೌಂಟನ್ನೂ ಒಂದೊಂದಾಗಿ, ಊರ ಮಂದಿಯ ಮುಂದೆ, ಎತ್ತಿ ನೋಡೋಣ. ಹುಡುಗನ ಮುಖವನ್ನು ನಾನು ಬೇರೆಯಾಗಿ ಪ್ರಿಂಟ್ ಹಾಕಿಸಿದ್ದೇನೆ, ಮೂಲ ಫೋಟೋಕ್ಕೆ ಕತ್ತರಿ ತಾಗಿಸಿಲ್ಲ. ಎರಡು ಮೊಳೆ, ಒಂದು ದಾರ ಹಿಡಿದು ಹಳದಿ ರಟ್ಟಿನಲ್ಲಿ ಲಂಬಗೋಲ ಕತ್ತರಿಸಿಟ್ಟಿದ್ದೇನೆ. ಕೈ ಈಗ ಸ್ವಲ್ಪ ನಡುಗುತ್ತದೆ, ಬಲಗಡೆ ಒಂದು ಕಡೆ ಚೂರಿ ಜಾರಿದೆ, ಹತ್ತಿರ ಹೋದರೆ ಕಾಣುತ್ತದೆ.

ಫೋಟೋದ ಕೆಳಗೆ ಏನು ಬರೆಸೋದು ಅಂತ ಮೊನ್ನೆ ಕಾರ್ಯದರ್ಶಿಗಳು ಕೇಳಿದರು. ಹೆಸರು ಗೊತ್ತಿದ್ದವರು ಈ ಊರಲ್ಲಿ ಇನ್ನೂ ಒಬ್ಬಿಬ್ಬರಾದರೂ ಇರಬಹುದು, ತೊಂಬತ್ತು ದಾಟಿದ ಅಜ್ಜಿಯರು ಮೂವರಿದ್ದಾರೆ. ಮುಂದಿನ ಐತವಾರ ಸಭೆಗೆ ಮೊದಲು ಆ ಫೋಟೋ ಹಿಡಿದುಕೊಂಡು ಮೂರೂ ಮನೆಗೆ ಹೋಗುವವನಿದ್ದೇನೆ. ಮೂಲೆ ದಂಡ ಆಯಿತು ಎಂದ ಆ ಹುಡುಗ ಬರುವುದಾದರೆ ಬರಲಿ, ಅವನ ಕಣ್ಣು ನನ್ನದಕ್ಕಿಂತ ಚುರುಕು ಇವೆ.